ಕಿವಿರು ಎತ್ತಿ ನೋಡಿದ್ರೆ ಗೊತ್ತಾಗಲ್ಲ

ಕಳೆದ ನವೆಂಬರಿನಲ್ಲಿ ತಂಗಿ ಏಳು ತಿಂಗಳ ಬಸುರಿ, ಬಾಣಂತನಕ್ಕೆ ಅಂತ ಊರಿಗೆ ಬಂದಳು. ಅದೇ ನೆಪದಲ್ಲಿ ನಾನೂ ಲ್ಯಾಪ್‌ಟಾಪ್ ಹೊತ್ತುಕೊಂಡು ಬೆಂಗಳೂರಿನಿಂದ ಎರಡು ವಾರಕ್ಕೆ ಬಂದೆ. ಕೋಣೆಯಲ್ಲಿ ಕೂತು ಫೋನಲ್ಲಿ ಇಂಗ್ಲಿಷ್ ಮಾತಾಡೋದನ್ನ ನಮ್ಮವ್ವ ಕೆಲಸ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಎರಡು ಚೀಲ ಕೈಗೆ ಕೊಟ್ಟು ಶಿವಮೊಗ್ಗಕ್ಕೆ ಓಡಿಸಿದಳು. ಗಾಂಧಿ ಬಜಾರಿನಲ್ಲಿ ಕೊಬ್ಬರಿ, ಬೆಲ್ಲ, ಅಂಟು, ಉತ್ತುತ್ತೆ. ಆಮೇಲೆ ಮೀನು ಮಾರ್ಕೆಟ್ಟಿನಲ್ಲಿ ಒಂದು ಕೆ.ಜಿ. ಅಂಜಲ್.

"ಮುಳ್ಳು ಕಡಿಮೆ, ಪಾಪ ಅವಳು ಆರಾಮಾಗಿ ತಿಂತಾಳೆ. ದುಡ್ಡಿನ ಮುಖ ನೋಡಬೇಡ. ಕಿವಿರು ಎತ್ತಿ ನೋಡಿ ತಗೋ. ಹೊಳೆ ಮೀನು ಮಾತ್ರ ತರಬೇಡ."

ಈ ಕೊನೇ ಮಾತಿಗೆ ನಮ್ಮ ಮನೆಯಲ್ಲಿ ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸು.

ನಮ್ಮೂರು ಹೊಳೆಹೊನ್ನೂರಿನ ಕಡೆ, ಭದ್ರಾ ಹೊಳೆಯ ದಡದಿಂದ ದೂರ ಇಲ್ಲ. ಭದ್ರಾವತಿ ದಾಟಿದ ನೀರು ನಮ್ಮನ್ನು ದಾಟಿಕೊಂಡು ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತದೆ. ಅಜ್ಜಿ ಮದುವೆಯಾಗಿ ಬಂದ ಕಾಲದಲ್ಲಿ ಹೊಳೆಯ ಬಾಳೆಮೀನು, ಹಾವುಮೀನು ಅಂದ್ರೆ ಹಬ್ಬ. ನನ್ನ ಬಾಲ್ಯದ ಹೊತ್ತಿಗೆ ಬೇಸಿಗೆಯಲ್ಲಿ ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತಿತ್ತು, ಬಂಡೆಗಳ ಸಂದಿಯಲ್ಲಿ ನೊರೆ ನಿಲ್ಲುತ್ತಿತ್ತು. ಮೇಲೆ ಊರಿತ್ತು, ಚರಂಡಿ ಇತ್ತು, ಗದ್ದೆಗೆ ಹೊಡೆದ ಔಷಧಿ ಇತ್ತು, ಕಾರ್ಖಾನೆ ಇತ್ತು. ಯಾವುದರಿಂದ ಎಷ್ಟು ಅಂತ ನಮ್ಮೂರಲ್ಲಿ ಯಾರು ಅಳೆದಾರು? ಒಂದು ದಿನ ಅಜ್ಜಿ ಮೀನಿನ ಸಾರಿನ ಪಾತ್ರೆಗೆ ಮೂಗಿಟ್ಟು, "ಇದು ಮೀನಿನ ವಾಸನೆ ಅಲ್ಲ" ಅಂದಳು, ಹಿತ್ತಲಿಗೆ ಸುರಿದಳು. ಅಲ್ಲಿಗೆ ಮುಗೀತು. ಆವತ್ತಿನಿಂದ ನಮ್ಮ ಮನೆಗೆ ಸಮುದ್ರದ ಮೀನು. ಸಮುದ್ರ ದೊಡ್ಡದು, ಉಪ್ಪುಪ್ಪು, ಯಾವ ಕೊಳೆಯೂ ಅಲ್ಲಿ ನಿಲ್ಲಲ್ಲ ಅಂತ ನಂಬಿಕೆ.

ಅಜ್ಜಿಯ ಪರೀಕ್ಷೆಗಳನ್ನು ನಾನು ತಮಾಷೆ ಮಾಡಲ್ಲ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿರಬೇಕು, ಬೆರಳಲ್ಲಿ ಒತ್ತಿದರೆ ಕುಳಿ ಬೀಳಬಾರದು, ವಾಸನೆ ಮೂಗಿಗೆ ಹೊಡೆಯಬಾರದು. ನೂರಾರು ವರ್ಷ ಜನರನ್ನ ಕಾಪಾಡಿದ ಕ್ವಾಲಿಟಿ ಚೆಕ್ ಇದು. ಆದರೆ ಇದು ಹಿಡಿಯೋದು ಕೊಳೆತದ್ದನ್ನ. ಲೋಹ ಕೊಳೆಯಲ್ಲ.

ಭದ್ರೆಯ ವಿಷಯದಲ್ಲಿ ಅಜ್ಜಿ ಮೂಗಿನಲ್ಲಿ ಶುರು ಮಾಡಿದ ಕೆಲಸಕ್ಕೆ ಲ್ಯಾಬು ಆಮೇಲೆ ಕೈ ಹಾಕಿತು. 2014ರಲ್ಲಿ ಭದ್ರಾ ನದಿಯ ತಿನ್ನುವ ಮೀನುಗಳ ಅಂಗಾಂಗಗಳಲ್ಲಿ ಭಾರಲೋಹ ಹೇಗೆ ಸೇರಿಕೊಳ್ಳುತ್ತೆ ಅನ್ನೋದರ ಬಗ್ಗೆ ನಮ್ಮ ಕುವೆಂಪು ವಿಶ್ವವಿದ್ಯಾಲಯದವರ ಸಂಶೋಧನಾ ಲೇಖನವೊಂದು ಪ್ರಕಟವಾಯಿತು. ವಿಶ್ವವಿದ್ಯಾಲಯ ಇರೋದು ಶಂಕರಘಟ್ಟದಲ್ಲಿ, ಭದ್ರಾವತಿಗಿಂತ ಮೇಲೆ. ನಾವಿರೋದು ಕೆಳಗೆ. ಲೇಖನ ಇಂಗ್ಲಿಷಿನಲ್ಲಿತ್ತು. ಹೊಳೆಯ ದಾರಿಯಲ್ಲಿ ಮೂವತ್ತು ಚಿಲ್ಲರೆ ಕಿಲೋಮೀಟರ್ ಇಳಿದು ನಮ್ಮೂರಿಗೆ ಬರಲು ಅದಕ್ಕೆ ಆಗಲಿಲ್ಲ. ನಾನು ಓದಿದ್ದೂ ಬೆಂಗಳೂರಿನಲ್ಲಿ, ಆಫೀಸಿನ ವೈಫೈ ಹಿಡಿದು.

ಹೊಳೆ ವಿಷಯಕ್ಕೆ ನಮ್ಮ ಕಡೆ ದೊಡ್ಡ ಗಲಾಟೆ ಆಗಿದ್ದೇ ಇಲ್ಲವಾ ಅಂದ್ರೆ, ಆಗಿತ್ತು. ಇನ್ನೂ ಕೆಳಗೆ. ಕೂಡ್ಲಿಯಲ್ಲಿ ತುಂಗಭದ್ರೆಯಾದ ನೀರು ಹರಿಹರದ ಹತ್ತಿರ ಕುಮಾರಪಟ್ಟಣಂ ಮುಟ್ಟುತ್ತದೆ. ಅಲ್ಲಿ 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು, ನೀಲಗಿರಿಯಂಥ ಮರದಿಂದ ರೇಯಾನ್ ಬಟ್ಟೆಗೆ ಬೇಕಾದ ತಿರುಳು ಮಾಡೋ ಕಾರ್ಖಾನೆ. 1984ರಲ್ಲಿ ನದಿಯಲ್ಲಿ ಮೀನುಗಳು ರಾಶಿರಾಶಿ ಸತ್ತು ತೇಲಿದವು. ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯವರು, ಮೀನುಗಾರರು ಎದ್ದು ನಿಂತರು. ಧಾರವಾಡದಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹುಟ್ಟಿದ್ದೂ ಆ ವರ್ಷವೇ. ಮುಂದೆ ಈ ನದಿಗಾಗಿ, ಕಾಡಿಗಾಗಿ ವರ್ಷಗಟ್ಟಲೆ ಹೋರಾಡಿದ ಸಂಘಟನೆ ಅದು. ಕರ್ನಾಟಕದ ಪರಿಸರ ಚಳವಳಿಯ ಚರಿತ್ರೆ ಬರೆಯೋರು ಯಾರೂ ಆ ಸತ್ತ ಮೀನುಗಳನ್ನು ಬಿಟ್ಟು ಬರೆಯೋಕಾಗಲ್ಲ.

ಸತ್ತವು, ಅದಕ್ಕೇ ಸುದ್ದಿಯಾದವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪ್ರೊಡಕ್ಷನ್ ಸರ್ವರ್ ಮಧ್ಯರಾತ್ರಿ ಬಿದ್ದರೆ ವೈಸ್ ಪ್ರೆಸಿಡೆಂಟ್ ಕೂಡ ನೈಟ್ ಡ್ರೆಸ್‌ನಲ್ಲೇ ಕಾಲ್‌ಗೆ ಬರ್ತಾರೆ. ದಿನಕ್ಕೆ ಚೂರುಚೂರೇ ಮೆಮೊರಿ ಲೀಕ್ ಆಗ್ತಿದ್ರೆ? ಎಲ್ಲ ಡ್ಯಾಶ್‌ಬೋರ್ಡೂ ಹಸಿರು. ಲೋಹ ಸೇರಿದ ಮೀನು ಹಾಗೆ. ಈಜುತ್ತಿರುತ್ತೆ, ಮೊಟ್ಟೆ ಇಡುತ್ತಿರುತ್ತೆ, ಬಲೆಗೆ ಬೀಳುತ್ತೆ, ಕಿವಿರು ಎತ್ತಿದರೆ ದಾಸವಾಳದಷ್ಟು ಕೆಂಪಗಿರುತ್ತೆ.

ಮಾರ್ಕೆಟ್ಟಿನಲ್ಲಿ ಅಂಜಲ್ ಕೇಳಿದೆ. ಐಸಿನ ಮೇಲೆ ಮಲಗಿತ್ತು, ನನ್ನ ತೋಳಿನಷ್ಟುದ್ದ. ಎಲ್ಲಿಂದ ಬಂದಿದ್ದು ಅಣ್ಣ ಅಂದೆ.

"ಮಲ್ಪೆ ಸಾರ್. ಆ ಕಡೆ ಇರೋದು ಕಾರವಾರದ್ದು. ಎಲ್ಲಿದಾದ್ರೇನು ಸಾರ್, ಸಮುದ್ರ ಒಂದೇ ಅಲ್ವಾ?"

ನಮ್ಮಜ್ಜಿ ಹೇಳಿದ್ದೂ ಅದನ್ನೇ. ಆದರೆ ಕಾರವಾರ ಅಂದ ಕೂಡಲೇ ನಾನು ಚೀಲ ಕೆಳಗಿಟ್ಟೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದೆ ಹೋಗಬೇಕು.

ಕಾಗದ ಮಾಡೋರಿಗೆ, ರೇಯಾನ್ ಮಾಡೋರಿಗೆ, ಸೋಪು ಮಾಡೋರಿಗೆ ಎಲ್ಲರಿಗೂ ಬೇಕಾದದ್ದು ಕಾಸ್ಟಿಕ್ ಸೋಡಾ. ಮಾಡೋದು ಉಪ್ಪುನೀರಿಗೆ ಕರೆಂಟ್ ಹರಿಸಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದ ವಿಧಾನದಲ್ಲಿ, ಸ್ವಲ್ಪ ಇಳಿಜಾರಾದ ತೊಟ್ಟಿಯ ತಳದಲ್ಲಿ ಪಾದರಸ ತೆಳ್ಳಗೆ ಹರಿಯುತ್ತಿರುತ್ತೆ. ಕರೆಂಟ್ ಹಾಯ್ದಾಗ ಉಪ್ಪಿನ ಸೋಡಿಯಂ ಪಾದರಸದೊಳಗೆ ಕರಗುತ್ತೆ, ಕ್ಲೋರಿನ್ ಮೇಲೆ ಹೋಗುತ್ತೆ. ಆ ಪಾದರಸವನ್ನ ಇನ್ನೊಂದು ಕಡೆ ನೀರಿಗೆ ಕೂಡಿಸಿದರೆ ಅಪ್ಪಟ ಕಾಸ್ಟಿಕ್ ಸೋಡಾ. ಪಾದರಸ ವಾಪಸ್ಸು ತೊಟ್ಟಿಗೆ. ಕಾಗದದ ಮೇಲೆ ಅದ್ಭುತವಾದ ಲೂಪ್, ಏನೂ ಖರ್ಚಾಗಬಾರದು. ಆದರೆ ಟನ್‌ಗಟ್ಟಲೆ ಪಾದರಸ ಸುತ್ತುವ ಕಡೆ ಒಂದಿಷ್ಟು ಆವಿಯಾಗಿ, ಒಂದಿಷ್ಟು ಕೆಸರಿನಲ್ಲಿ, ಒಂದಿಷ್ಟು ತೊಳೆದ ನೀರಿನಲ್ಲಿ ಆಚೆ ಹೋಗೇ ಹೋಗುತ್ತೆ.

ಕಾರವಾರದಿಂದ ಅಂಕೋಲಾ ದಾರಿ ಹಿಡಿದರೆ ಸಿಗೋ ಬಿಣಗಾದಲ್ಲಿ ಕಾಗದಕ್ಕೆ ಹೆಸರಾದ ಬಲ್ಲಾರ್‌ಪುರ ಇಂಡಸ್ಟ್ರೀಸ್ ಇಂಥದ್ದೊಂದು ಕಾಸ್ಟಿಕ್ ಸೋಡಾ ಕಾರ್ಖಾನೆ ಹಾಕಿತು. 1975ರ ಸುಮಾರಿಗೆ ಉತ್ಪಾದನೆ ಶುರು. ಈ ಉದ್ಯಮಕ್ಕೆ ಬೇಕಾದದ್ದು ಉಪ್ಪು ಮತ್ತು ವಿಪರೀತ ಕರೆಂಟು. ಆಗ ಕರ್ನಾಟಕದ ಕರೆಂಟಿನ ದೊಡ್ಡ ಪಾಲು ಬರುತ್ತಿದ್ದದ್ದು ಶರಾವತಿಯಿಂದ, ಅಂದ್ರೆ ನಮ್ಮ ಶಿವಮೊಗ್ಗ ಜಿಲ್ಲೆಯಿಂದ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಕರೆಂಟು ಘಟ್ಟ ಇಳಿದು ಕರಾವಳಿಗೆ ಹೋಯಿತು. ಮೀನಿನ ಲಾರಿ ಘಟ್ಟ ಹತ್ತಿ ನಮ್ಮ ಕಡೆ ಬಂತು. ಈ ಹೋಗಿಬರೋ ಲೆಕ್ಕದಲ್ಲಿ ಪಾದರಸದ ಸಾಲನ್ನ ಯಾರೂ ಬರೆದಿಟ್ಟಿರಲಿಲ್ಲ.

ನನಗೆ ಸಿಟ್ಟು ಬರೋದು ಆ ಇಸವಿಗೆ. 1975ರ ಹೊತ್ತಿಗೆ ಪಾದರಸ ಮೀನಿನ ಮೂಲಕ ಮನುಷ್ಯರನ್ನ ಏನು ಮಾಡುತ್ತೆ ಅಂತ ಗೊತ್ತಿಲ್ಲದೇ ಇರಲಿಲ್ಲ.

ಜಪಾನಿನ ಮಿನಮಾಟಾ ಕಥೆ ನಿಮಗೆ ಸ್ವಲ್ಪ ಗೊತ್ತಿರಬಹುದು. ಆದರೆ ಶಾಲೆಯ ಪುಸ್ತಕದಲ್ಲಿ ಒಂದು ಪ್ಯಾರಾ ಓದೋದು ಬೇರೆ, ಪೂರ್ತಿ ಓದೋದು ಬೇರೆ. ಅಲ್ಲಿ ಚಿಸ್ಸೋ ಅನ್ನೋ ಕಂಪನಿ 1932ರಿಂದ ಪಾದರಸವನ್ನ ವೇಗವರ್ಧಕವಾಗಿ ಬಳಸಿ ಅಸಿಟಾಲ್ಡಿಹೈಡ್ ಮಾಡುತ್ತಿತ್ತು. ಮೊದಲು ಬೆಕ್ಕುಗಳು ಕುಣಿಯುವಂತೆ ಓಲಾಡಿ ಸತ್ತವು. 1956ರ ಮೇ 1ರಂದು ಕಂಪನಿಯ ಆಸ್ಪತ್ರೆಯ ವೈದ್ಯ ಹಾಜಿಮೆ ಹೊಸೊಕಾವಾ, ಗುರುತಿಗೆ ಸಿಗದ ನರರೋಗ ಮಕ್ಕಳಿಗೆ ಬರ್ತಿದೆ ಅಂತ ಆರೋಗ್ಯ ಇಲಾಖೆಗೆ ತಿಳಿಸಿದರು. ಆಮೇಲೆ ಅವರೇ ಒಂದು ಪ್ರಯೋಗ ಮಾಡಿದರು. 1959ರಲ್ಲಿ, ಕಾರ್ಖಾನೆಯ ತ್ಯಾಜ್ಯವನ್ನ 400ನೇ ನಂಬರಿನ ಬೆಕ್ಕಿನ ಊಟಕ್ಕೆ ಕಲಸಿ ಕೊಟ್ಟರು. ಬೆಕ್ಕಿಗೆ ಅದೇ ರೋಗ ಬಂತು. ಕಂಪನಿ ಆ ಫಲಿತಾಂಶವನ್ನ ಆಚೆ ಬಿಡಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ದೊಡ್ಡ ಸಮಾರಂಭ ಮಾಡಿ ನೀರು ಶುದ್ಧೀಕರಣ ಯಂತ್ರವೊಂದನ್ನ ಉದ್ಘಾಟಿಸಿತು. ಪಾದರಸ ತೆಗೆಯೋ ಶಕ್ತಿ ಆ ಯಂತ್ರಕ್ಕಿರಲಿಲ್ಲ. ರೋಗಕ್ಕೆ ಕಾರಣ ಕಾರ್ಖಾನೆ ಅಂತ ಸರ್ಕಾರ ಒಪ್ಪಿಕೊಂಡಿದ್ದು 1968ರಲ್ಲಿ. ನ್ಯಾಯಾಲಯದ ತೀರ್ಪು ಬಂದಿದ್ದು 1973ರಲ್ಲಿ.

ಇದರಲ್ಲಿ ಒಂದು ವಿವರ ನನ್ನನ್ನ ಬಿಡಲೇ ಇಲ್ಲ. ಅಲ್ಲಿನ ಕೆಲವು ತಾಯಂದಿರಿಗೆ ರೋಗದ ಲಕ್ಷಣ ಅಷ್ಟೇನೂ ಇರಲಿಲ್ಲ, ಹುಟ್ಟಿದ ಮಕ್ಕಳಿಗೆ ಮಾತ್ರ ತೀವ್ರವಾಗಿತ್ತು. ಗರ್ಭದೊಳಗಿನ ಮಗುವಿಗೆ ವಿಷ ದಾಟಲ್ಲ ಅಂತ ವೈದ್ಯರು ಅಲ್ಲಿಯವರೆಗೆ ನಂಬಿದ್ದರು. ಮಸಜುಮಿ ಹರಾಡ ಅನ್ನೋ ವೈದ್ಯರು ಇದನ್ನ ಬೆನ್ನು ಹತ್ತಿದರು. ಸಾಕ್ಷಿ ಎಲ್ಲಿ ಸಿಕ್ಕಿತು ಗೊತ್ತಾ? ಜಪಾನಿನಲ್ಲಿ ಮಗುವಿನ ಒಣಗಿದ ಹೊಕ್ಕಳಬಳ್ಳಿಯನ್ನ ಪುಟ್ಟ ಪೆಟ್ಟಿಗೆಯಲ್ಲಿ ಜೋಪಾನ ಮಾಡೋ ಪದ್ಧತಿ ಇದೆ. ವರ್ಷಗಳ ನಂತರ ಆ ಬಳ್ಳಿಗಳನ್ನ ಪರೀಕ್ಷೆ ಮಾಡಿದಾಗ ಪಾದರಸ ಅಲ್ಲೇ ಕೂತಿತ್ತು. ನನ್ನ ಹೊಕ್ಕಳಬಳ್ಳಿಯನ್ನ ಅಜ್ಜಿ ತಾಯತದಲ್ಲಿ ಹಾಕಿ ಉಡಿದಾರಕ್ಕೆ ಕಟ್ಟಿದ್ದಳು. ಅದು ಯಾವ ಹೊಳೆಯಲ್ಲಿ ಈಜುವಾಗ ಬಿಚ್ಚಿಹೋಯಿತು ಅಂತ ನಿಮಗೆ ಹೇಳಬೇಕಾಗಿಲ್ಲ.

ಚಿಸ್ಸೋದ ಕೊಳವೆಯಿಂದ ಬಂದಿದ್ದು ಮೀಥೈಲ್ ಪಾದರಸ, ಕಾಸ್ಟಿಕ್ ಸೋಡಾ ಕಾರ್ಖಾನೆಯಿಂದ ಹೋಗೋದು ಬರೀ ಪಾದರಸ, ಎರಡೂ ಒಂದೇ ಅಲ್ಲ ಅಂತ ಯಾರಾದರೂ ವಾದ ಮಾಡಬಹುದು. ಸರಿಯೇ. ಆದರೆ ಸಮುದ್ರದ ತಳದ ಕೆಸರಿನಲ್ಲಿರೋ ಬ್ಯಾಕ್ಟೀರಿಯಾ ಬರೀ ಪಾದರಸವನ್ನೂ ನಿಧಾನಕ್ಕೆ ಮೀಥೈಲ್ ಪಾದರಸ ಮಾಡುತ್ತವೆ. ಜಪಾನ್ ಸರ್ಕಾರ ಅದಕ್ಕೇ ಕಾಯಲಿಲ್ಲ. 1973ರಲ್ಲೇ ತನ್ನ ಕಾಸ್ಟಿಕ್ ಸೋಡಾ ಉದ್ಯಮ ಪಾದರಸ ಬಿಡಬೇಕು ಅಂತ ತೀರ್ಮಾನಿಸಿತು. 1975ರಲ್ಲಿ ಅಸಾಹಿ ಕೆಮಿಕಲ್ ಪಾದರಸವೇ ಬೇಡದ ಮೆಂಬ್ರೇನ್ ವಿಧಾನದಲ್ಲಿ ಉತ್ಪಾದನೆ ಶುರು ಮಾಡಿತು. ಅವರು ಹಳೇ ವರ್ಷನ್ ಬಿಡೋಕೆ ಹೊರಟ ಹೊತ್ತಿಗೆ ನಾವು ಅದನ್ನ ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಂಡೆವು. ನಮ್ಮ ಜಲಮಾಲಿನ್ಯ ಕಾಯ್ದೆ ಬಂದಿದ್ದು 1974ರಲ್ಲಿ, ಅದಕ್ಕಿನ್ನೂ ಹಾಲುಹಲ್ಲು.

ಬಿಣಗಾದ ಸಮುದ್ರವನ್ನ ಅಳೆದವರು ಇದ್ದರು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಾದ ಪಿ.ಕೆ. ಕೃಷ್ಣಕುಮಾರ್ ಮತ್ತು ವಿ.ಕೆ. ಪಿಳ್ಳೈ, ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಹತ್ತಿರದ ಪಾದರಸದ ಬಗ್ಗೆ 1990ರಲ್ಲಿ 'ಮರೀನ್ ಪೊಲ್ಯೂಷನ್ ಬುಲೆಟಿನ್' ಅನ್ನೋ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. ತ್ಯಾಜ್ಯ ನೀರು ಸಮುದ್ರ ಸೇರೋ ಜಾಗದ ಆಸುಪಾಸಿನಲ್ಲಿ ಪಾದರಸದ ಮಟ್ಟ ಹೆಚ್ಚಿತ್ತು. 1998ರಲ್ಲಿ ಅದೇ ಜಾಗದ ಜಲಸಸ್ಯ, ಜಲಚರಗಳಲ್ಲಿ ಲೋಹಗಳು ಶೇಖರವಾಗೋದರ ಬಗ್ಗೆ ಇನ್ನೊಂದು ಲೇಖನ ಬಂತು. ಇಂಥ ಕಡೆ ಮೊದಲು ನೋಡಬೇಕಾದದ್ದು ಚಿಪ್ಪೆಕಲ್ಲಿನಂಥ ಜೀವಿಗಳನ್ನ. ಅವು ಜಾಗ ಬಿಟ್ಟು ಓಡಲ್ಲ, ದಿನವಿಡೀ ನೀರನ್ನ ಸೋಸಿ ಸೋಸಿ ಕುಡಿಯುತ್ತವೆ, ಸೋಸಿದ್ದನ್ನ ಇಟ್ಟುಕೊಳ್ಳುತ್ತವೆ. ನಾವು ಫಿಲ್ಟರ್ ಬದಲಾಯಿಸಿದಾಗ ಹಳೇದನ್ನ ಬಿಸಾಕುತ್ತೇವೆ. ಕರಾವಳಿಯಲ್ಲಿ ಈ ಫಿಲ್ಟರನ್ನ ಸುಕ್ಕಾ ಮಾಡಿ ತಿನ್ನುತ್ತಾರೆ. ಎಷ್ಟು ರುಚಿ ಅಂತ ನನಗೂ ಗೊತ್ತು.

ಕಾರವಾರದವರು ಸುಮ್ಮನೆ ಕೂರೋ ಜನ ಅಲ್ಲ. ಕೈಗಾ ಅಣುಸ್ಥಾವರದ ವಿರುದ್ಧ ಎದ್ದ ಜಿಲ್ಲೆ ಅದು. 1989ರ ಲೋಕಸಭಾ ಚುನಾವಣೆಗೆ ಶಿವರಾಮ ಕಾರಂತರೇ ಅಲ್ಲಿಂದ ನಿಂತಿದ್ದರು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದ ಮೇಲೆ ಆ ತೀರದ ಮೀನುಗಾರರು ಮನೆ, ಕಡಲು ಎರಡನ್ನೂ ಬಿಟ್ಟು ಏಳಬೇಕಾಯಿತು. ಇಷ್ಟೆಲ್ಲದರ ನಡುವೆ ಬಣ್ಣ, ವಾಸನೆ, ಶಬ್ದ ಯಾವುದೂ ಇಲ್ಲದ ಪಾದರಸ ಯಾರ ಬಾಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ ಹೇಳಿ.

ಕಾಲ ಬದಲಾಯಿತು ಅನ್ನೋದನ್ನೂ ಹೇಳಬೇಕು. 2003ರಲ್ಲಿ ಕೇಂದ್ರ ಸರ್ಕಾರ ಮತ್ತು ಉದ್ಯಮಗಳ ನಡುವೆ ಆದ ಒಪ್ಪಂದದಂತೆ ದೇಶದ ಕಾಸ್ಟಿಕ್ ಸೋಡಾ ಕಾರ್ಖಾನೆಗಳು ಹಂತಹಂತವಾಗಿ ಮೆಂಬ್ರೇನಿಗೆ ಬದಲಾದವು. ಬಿಣಗಾದ ಕಾರ್ಖಾನೆಯೂ ಕೈಯಿಂದ ಕೈಗೆ ಹೋಯಿತು, ಪಾದರಸ ಬಿಟ್ಟಿತು. ಮಿನಮಾಟಾ ಹೆಸರಿನದೇ ಒಂದು ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಆಗಿ 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಅನುಮೋದಿಸಿತು. ಹಾಗಾಗಿ ಇವತ್ತು ಕಾರವಾರದ ಮೀನು ತಿನ್ನಬೇಡಿ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋದು ಅಲ್ಲಿನ ಮೀನುಗಾರರಿಗೆ ಎರಡನೇ ಸಲ ಹೊಡೆದ ಹಾಗೆ. ಆದರೆ ಪಾದರಸ ಕೊಳೆತು ಮಣ್ಣಾಗೋ ವಸ್ತು ಅಲ್ಲ. ಅಂಗಡಿ ಮುಚ್ಚಿದ ಮೇಲೂ ಕೆಸರಿನ ಖಾತೆ ತೆರೆದೇ ಇರುತ್ತೆ.

ಅದು ತಟ್ಟೆಗೆ ಬರೋ ದಾರಿಯೂ ಸರಳ. ಕೆಸರಿನಿಂದ ಪಾಚಿಯಂಥ ಸೂಕ್ಷ್ಮ ಜೀವಿಗೆ, ಅದರಿಂದ ತಾರ್ಲೆ, ಬಂಗುಡೆಯಂಥ ಸಣ್ಣ ಮೀನಿಗೆ, ಅವುಗಳನ್ನ ನುಂಗೋ ಅಂಜಲ್, ಶಾರ್ಕ್‌ಗಳಿಗೆ. ಒಂದೊಂದು ಮೆಟ್ಟಿಲಿಗೂ ಸಾಂದ್ರತೆ ಹೆಚ್ಚು. ದೊಡ್ಡ ಮೀನು ವರ್ಷಗಟ್ಟಲೆ ಸಣ್ಣ ಮೀನುಗಳ ಸಾಲವನ್ನೆಲ್ಲ ತನ್ನ ತಲೆಗೆ ಹಾಕಿಕೊಂಡಿರುತ್ತೆ. ಮೀಥೈಲ್ ಪಾದರಸ ಕೂರೋದು ಕೊಬ್ಬಿನಲ್ಲಲ್ಲ, ಮಾಂಸದ ಪ್ರೋಟೀನಿನಲ್ಲಿ. ಹಾಗಾಗಿ ಚರ್ಮ ಸುಲಿದರೂ, ಹುಳಿ ಹಾಕಿದರೂ, ಎಷ್ಟು ಹೊತ್ತು ಕುದಿಸಿದರೂ ಹೋಗಲ್ಲ. ನಮ್ಮ ದೇಹದಿಂದ ಅದರ ಅರ್ಧ ಆಚೆ ಹೋಗೋಕೆ ಒಂದೂವರೆ ಎರಡು ತಿಂಗಳು ಬೇಕು. ಕ್ಯಾಡ್ಮಿಯಂ, ಸೀಸದ ಸ್ವಭಾವ ಬೇರೆ. ಅವು ಹೆಚ್ಚಾಗಿ ಪಿತ್ತಜನಕಾಂಗ, ಮೂತ್ರಪಿಂಡ, ಮೂಳೆ, ಕಿವಿರಿನಲ್ಲಿ ಸೇರುತ್ತವೆ. ಅವನ್ನು ನಾವು ಬಿಸಾಕೋದರಿಂದ ಸ್ವಲ್ಪ ಬಚಾವ್.

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಸಾಮಾನ್ಯ ಮೀನಿಗೆ ಕಿಲೋಗೆ 0.5 ಮಿಲಿಗ್ರಾಂ ಪಾದರಸದ ಮಿತಿ ಇದೆ. ಯುರೋಪಿಗೆ ಹೋಗೋ ಮೀನು ಅಲ್ಲಿನ ಮಿತಿ ದಾಟಿದರೆ ಬಂದರಿನಿಂದಲೇ ವಾಪಸ್ಸು ಬರಬಹುದು, ಅದಕ್ಕೆ ರಫ್ತುದಾರರು ಪರೀಕ್ಷೆಗೆ ತಲೆ ಕೆಡಿಸಿಕೊಳ್ಳುತ್ತಾರೆ. ಘಟ್ಟ ಹತ್ತಿ ಬರೋ ಮೀನಿಗೆ ಕಿವಿರೇ ಸರ್ಟಿಫಿಕೇಟು. 2018ರಲ್ಲಿ ಕೇರಳ, ಗೋವಾದಲ್ಲಿ ಮೀನಿಗೆ ಫಾರ್ಮಲಿನ್ ಹಾಕ್ತಾರೆ ಅನ್ನೋ ಗುಲ್ಲೆದ್ದಾಗ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ತಿಂಗಳು ಯಾರೂ ಫಿಶ್ ಫ್ರೈ ಮುಟ್ಟಲಿಲ್ಲ. ಆಮೇಲೆ ಮರೆತರು. ಈಗ ಆ್ಯಪಿನಲ್ಲಿ ಕತ್ತರಿಸಿ, ತೊಳೆದು, ಪ್ಯಾಕ್ ಮಾಡಿದ ಮೀನು ಬಾಗಿಲಿಗೆ ಬರುತ್ತೆ. ಎತ್ತಿ ನೋಡೋಕೆ ಕಿವಿರೂ ಇರಲ್ಲ.

ಮಾರ್ಕೆಟ್ಟಿನಲ್ಲಿ ನಾನು ಇಷ್ಟೆಲ್ಲ ಯೋಚಿಸುತ್ತಾ ನಿಂತಿದ್ದೆ ಅಂದ್ರೆ ಸುಳ್ಳಾಗುತ್ತೆ. ಹಿಂದಿನಿಂದ ಯಾರೋ ಬುಟ್ಟಿ ತಗುಲಿಸಿದರು, ಮೀನಿನವನು "ಕೊಡ್ಲಾ ಸಾರ್ ಅಂಜಲ್?" ಅಂತ ಮೂರನೇ ಸಲ ಕೇಳಿದ. ನನ್ನ ತಲೆಯಲ್ಲಿದ್ದದ್ದು ತಂಗಿಯ ಹೊಟ್ಟೆ ಮಾತ್ರ. ಮೀನು ಬಿಡಿಸೋದು ದಡ್ಡತನ. ಮಗುವಿನ ಮೆದುಳಿಗೆ ಬೇಕಾದ ಒಳ್ಳೆ ಕೊಬ್ಬು ಇರೋದೂ ಅದರಲ್ಲೇ. ಆದರೆ ಮೆಟ್ಟಿಲು ನಮ್ಮ ಕೈಯಲ್ಲಿದೆ ಅಲ್ವಾ. ದೊಡ್ಡದನ್ನ ಬಿಟ್ಟು ಒಂದು ಕೆ.ಜಿ. ಬಂಗುಡೆ, ಅರ್ಧ ಕೆ.ಜಿ. ತಾರ್ಲೆ ಹಾಕಿಸಿಕೊಂಡೆ. ಮೀನಿನವನ ಮುಖದಲ್ಲಿ, ಕಾರಲ್ಲಿ ಬಂದು ಬಂಗುಡೆ ತಗೋತಾನೆ ಅನ್ನೋ ಭಾವ ಸ್ಪಷ್ಟವಾಗಿತ್ತು.

ಮನೆಯಲ್ಲಿ ಅವ್ವ ಚೀಲ ಬಗ್ಗಿಸಿ ನೋಡಿದಳು.

"ಅಂಜಲ್ ಎಲ್ಲೋ?"

"ಇರಲಿಲ್ಲ ಕಣವ್ವ."

"ಬೆಂಗಳೂರು ಸೇರಿ ಜಿಪುಣ ಆಗಿದೀಯ. ಬಸುರಿ ಹುಡುಗಿಗೆ ಮುಳ್ಳಿನ ಮೀನು ತಂದಿದಾನೆ ನೋಡು" ಅಂತ ತಂಗಿಗೆ ಕೇಳೋ ಹಾಗೆ ಗೊಣಗಿದಳು. ತಂಗಿ ಒಳಗಿಂದಲೇ, "ಅಣ್ಣ, ನಂಗೆ ತಾರ್ಲೆ ಫ್ರೈ" ಅಂದಳು. ಅವ್ವ ಬಚ್ಚಲ ಕಲ್ಲಿನ ಮೇಲೆ ಕೂತು ಒಂದು ಬಂಗುಡೆ ಕೈಗೆ ತಗೊಂಡು, ಹೆಬ್ಬೆರಳಲ್ಲಿ ಕಿವಿರು ಎತ್ತಿ ಬೆಳಕಿಗೆ ಹಿಡಿದಳು.

"ತಾಜಾ ಏನೋ ಇದೆ" ಅಂದಳು.